ಚಿರೇಕಲ್ಲಿನ ಮನೆಯಿಂದ ಅಡಕೆ ತೋಟದವರೆಗೆ: ಇಎಪಿ225-ಔಟ್‌ಡೋರ್ ವೈಫೈ ಸಾಧನದ ಜೊತೆ ಎರಡು ಮಳೆಗಾಲ

ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ಸರಿದರೆ ಸಿಗುವ ನಮ್ಮ ಮನೆ ದಿಬ್ಬದ ಮೇಲಿದೆ. ಅಡಕೆ ತೋಟ, ಈ ಭಾಗದ ಬಹುತೇಕ ತೋಟಗಳಂತೆ, ಕೆಳಗಿನ ಕಣಿವೆಯಲ್ಲಿದೆ. ಮನೆಯ ಹಳೆಯ ಭಾಗದ ಗೋಡೆಗಳು ಒಂದೂವರೆ ಅಡಿ ದಪ್ಪದ ಚಿರೇಕಲ್ಲಿನವು. ಫೈಬರ್ ಸಂಪರ್ಕ ಜಗಲಿಯ ಮೂಲೆಗೆ ಬಂದು ನಿಂತ ಮೇಲೆ ಅಲ್ಲಿ ಕುಳಿತವರಿಗೆ ಪೂರ್ತಿ 100 ಎಂಬಿಪಿಎಸ್ ಸಿಗುತ್ತಿತ್ತು, ನಡುಮನೆಯಲ್ಲಿ ಅದು ಹತ್ತಕ್ಕೆ ಇಳಿಯುತ್ತಿತ್ತು, ಅಡುಗೆಮನೆಯಲ್ಲಿ ಫೋನು ವೈಫೈಯ ಹೆಸರನ್ನೇ ತೋರಿಸುತ್ತಿರಲಿಲ್ಲ. ಮೊಬೈಲ್ ಸಿಗ್ನಲ್ ನಮ್ಮಲ್ಲಿ ತುಳಸಿಕಟ್ಟೆಯ ಆಸುಪಾಸಿನಲ್ಲಿ ಮಾತ್ರ ಬರುವುದರಿಂದ ಕರೆಗಳೂ ವೈಫೈ ಮೂಲಕವೇ ಹೋಗಬೇಕು. ಅಡಕೆ ಗೊಂಚಲು, ಅಂದರೆ ಕೊನೆ, ಕೊಯ್ಯುವಾಗಲೋ ಮದ್ದು ಹೊಡೆಯುವಾಗಲೋ ತೋಟದಲ್ಲಿ ಯಾರಿಗಾದರೂ ಅಪಾಯವಾದರೆ ದಿಬ್ಬ ಹತ್ತಿ ಓಡಿ ಬಂದು ಫೋನು ಮಾಡಬೇಕಾದ ಸ್ಥಿತಿ ನಮ್ಮದಾಗಿತ್ತು. ತೋಟಕ್ಕೂ ವೈಫೈ ಬೇಕು ಎಂದು ನಾನು ಹಟ ಹಿಡಿದದ್ದಕ್ಕೆ ಮುಖ್ಯ ಕಾರಣ ಇದು. ದಿನದ ಚಾಲಿ (ಒಣಗಿಸಿ ಸುಲಿದ ಅಡಕೆ) ದರ ನೋಡುವುದು ಆಮೇಲಿನ ಮಾತು.

ಮೊದಲು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಒಂದರಿಂದ ಒಂದು ವೈಫೈ ಪಡೆದು ಮುಂದೆ ಹಂಚುವ ಮೂರು ಡಬ್ಬಿಗಳ ಒಂದು ಮೆಶ್ ಸೆಟ್ಟನ್ನು ಆನ್‌ಲೈನ್‌ನಲ್ಲಿ ತರಿಸಿ, ಒಂದನ್ನು ಜಗಲಿಯಲ್ಲೂ ಒಂದನ್ನು ನಡುಮನೆಯಲ್ಲೂ ಇನ್ನೊಂದನ್ನು ಅಡುಗೆಮನೆಯಲ್ಲೂ ಇಟ್ಟೆ. ಅಡುಗೆಮನೆಯಲ್ಲಿ ಫೋನಿನ ಮೇಲೆ ಸಿಗ್ನಲ್ಲಿನ ಎಲ್ಲ ಗೆರೆಗಳೂ ಮೂಡಿದವು, ಆದರೆ ವೇಗ ಮಾತ್ರ ಬರಲಿಲ್ಲ. ಕಾರಣ ಸರಳವಾಗಿತ್ತು: ತಂತಿಯಿಲ್ಲದ ಮೆಶ್‌ನಲ್ಲಿ ಎರಡನೆಯ ಡಬ್ಬಿ ಮೊದಲನೆಯದರಿಂದ ಗಾಳಿಯಲ್ಲೇ ಪಡೆದುದನ್ನು ಮರಳಿ ಗಾಳಿಯಲ್ಲೇ ಹಂಚುತ್ತದೆ, ಎರಡೂ ಕೆಲಸವನ್ನು ಒಂದೇ ರೇಡಿಯೊ ಮಾಡುವಾಗ ಪ್ರತಿ ಹಂತಕ್ಕೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದಕ್ಕಿಂತ ಮೊದಲೇ ಗೋಡೆ ಅದರ ಪಾಲನ್ನು ನುಂಗಿರುತ್ತದೆ. ಮಳೆಗಾಲದಲ್ಲಿ ಚಿರೇಕಲ್ಲು ನೀರು ಕುಡಿದು ಕುಳಿತಾಗ ಪರಿಸ್ಥಿತಿ ಇನ್ನೂ ಕೆಟ್ಟಿತು. ಬಯಲಿನಂಥ ಮನೆಗಳಲ್ಲಿ ಅಥವಾ ತೆಳು ಗೋಡೆಯ ಫ್ಲ್ಯಾಟ್‌ಗಳಲ್ಲಿ ಮೆಶ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಮ್ಮ ಹಳೆಯ ಮನೆಗಳಿಗೆ ಬೇಕಾದದ್ದು ತಂತಿ ಎಳೆದು ಕೂರಿಸುವ ಆಕ್ಸೆಸ್ ಪಾಯಿಂಟ್. ಆ ಸೆಟ್ಟು ಈಗ ಬೆಂಗಳೂರಿನಲ್ಲಿರುವ ಮಗನ ಮನೆಯಲ್ಲಿ ನೆಮ್ಮದಿಯಾಗಿದೆ.

ರೂಟರ್ ಮತ್ತು ಆಕ್ಸೆಸ್ ಪಾಯಿಂಟ್‌ಗಳ ನಡುವಿನ ವ್ಯತ್ಯಾಸ ಹಲವರಿಗೆ ಗೊಂದಲ ಹುಟ್ಟಿಸುವುದರಿಂದ ಒಂದೆರಡು ವಾಕ್ಯ ಅಗತ್ಯ. ಹೊರಗಿನ ಸಂಪರ್ಕವನ್ನು ಮನೆಯೊಳಗೆ ತಂದು ಪ್ರತಿ ಸಾಧನಕ್ಕೂ ವಿಳಾಸ ಕೊಡುವುದು ರೂಟರಿನ ಕೆಲಸ. ಈಥರ್ನೆಟ್ ತಂತಿಯಲ್ಲಿ ಬಂದುದನ್ನು ಗಾಳಿಗೆ ಬಿಡುವುದು, ಗಾಳಿಯಲ್ಲಿ ಬಂದುದನ್ನು ತಂತಿಗೆ ಇಳಿಸುವುದು ಆಕ್ಸೆಸ್ ಪಾಯಿಂಟಿನ ಕೆಲಸ. ಒಂದು ಮನೆಗೆ ರೂಟರ್ ಒಂದೇ ಸಾಕು, ಆಕ್ಸೆಸ್ ಪಾಯಿಂಟ್‌ಗಳು ಎಷ್ಟಾದರೂ ಇರಬಹುದು. ಹಳೆಯ ರೂಟರ್ ಒಂದನ್ನು ವಿಳಾಸ ಹಂಚುವ ಕೆಲಸ ನಿಲ್ಲಿಸಿ ಆಕ್ಸೆಸ್ ಪಾಯಿಂಟ್ ಆಗಿ ಬಳಸಲೂ ಬರುತ್ತದೆ. ಒಳಾಂಗಣಕ್ಕೆ, ಕೈಯಲ್ಲಿ ದುಡ್ಡಿಲ್ಲದ ತಿಂಗಳಲ್ಲಿ, ಅದು ತಪ್ಪಲ್ಲ.

ನಾನು ಕೊನೆಗೆ ಆರಿಸಿದ್ದು ಟಿಪಿ-ಲಿಂಕ್ ಕಂಪನಿಯ ಒಮಾಡಾ ಸಾಲಿನ ಇಎಪಿ225-ಔಟ್‌ಡೋರ್. ಇದು 802.11ಎಸಿ, ಅಂದರೆ ವೈಫೈ 5 ತಲೆಮಾರಿನದು, ವೈಫೈ ಬಳಸುವ ತರಂಗಪಟ್ಟಿಗಳ ಪೈಕಿ 2.4 ಗಿಗಾಹರ್ಟ್ಸ್‌ನಲ್ಲಿ 300, 5 ಗಿಗಾಹರ್ಟ್ಸ್‌ನಲ್ಲಿ 867 ಎಂಬಿಪಿಎಸ್ ಎಂಬುದು ಕಾಗದದ ಮೇಲಿನ ಲೆಕ್ಕ. ಐಪಿ65 ದರ್ಜೆ ಇದೆ, ಎಂದರೆ ಧೂಳು ಒಳಹೋಗುವುದಿಲ್ಲ, ಎಲ್ಲ ದಿಕ್ಕಿನಿಂದ ಚಿಮ್ಮುವ ನೀರನ್ನು ತಡೆಯುತ್ತದೆ. ನೀರಿನಲ್ಲಿ ಮುಳುಗಿಸಿ ಇಡುವುದಕ್ಕಲ್ಲ. ಅದೇ ಸಾಲಿನಲ್ಲಿ ಇಎಪಿ610-ಔಟ್‌ಡೋರ್ ಎಂಬ ವೈಫೈ 6 ಮಾದರಿಯೂ ಇದೆ, ಅದರ ದರ್ಜೆ ಐಪಿ67. ನಮ್ಮ ಫೈಬರ್ ಯೋಜನೆಯೇ 100 ಎಂಬಿಪಿಎಸ್‌ನದ್ದಾಗಿರುವಾಗ ಅದರ ಹೆಚ್ಚಿನ ವೇಗಕ್ಕೆ ದುಡ್ಡು ಕೊಡುವುದು, ನಾಲ್ಕು ಚೀಲ ಅಡಕೆ ಸಾಗಿಸಲು ಲಾರಿ ಹೇಳಿದಂತೆ ಎಂದು ನನಗೆ ಅನ್ನಿಸಿತು. ಪೆಟ್ಟಿಗೆಯೊಳಗೆ ಸಾಧನದ ಜೊತೆ ಎರಡು ಕಳಚಬಹುದಾದ ಆಂಟೆನಾ, ಕಂಬಕ್ಕೂ ಗೋಡೆಗೂ ಕೂರಿಸುವ ಸಾಮಗ್ರಿ, ತಂತಿಯ ಬಾಯಿಗೆ ಹಾಕುವ ರಬ್ಬರ್ ಮತ್ತು ತಂತಿಯಲ್ಲೇ ವಿದ್ಯುತ್ ಕಳಿಸುವ ಅಡಾಪ್ಟರ್ ಇರುತ್ತವೆ. ಈ ಕೊನೆಯ ವಸ್ತುವಿನಿಂದಾಗಿ ಸಾಧನ ಇರುವಲ್ಲಿ ಪ್ಲಗ್ ಪಾಯಿಂಟ್ ಬೇಕಿಲ್ಲ. ಒಂದೇ ಈಥರ್ನೆಟ್ ತಂತಿಯಲ್ಲಿ ಇಂಟರ್ನೆಟ್ಟೂ ಕರೆಂಟೂ ಹೋಗುತ್ತವೆ.

ಇದನ್ನು ಎಲ್ಲಿ ಕೂರಿಸಬೇಕು ಎಂಬುದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು, ಮತ್ತು ಈ ಬರಹದಲ್ಲಿ ಓದುಗರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಈ ಭಾಗವೇ ಎಂದು ನನ್ನ ಅಂದಾಜು. ಟಿವಿಯ ಆಂಟೆನಾ ಕಾಲದ ಅಭ್ಯಾಸದಿಂದ ಮೊದಲು ಮನೆಯ ಮಾಡಿನ ತುದಿಗೆ ಕಬ್ಬಿಣದ ಪೈಪು ನಿಲ್ಲಿಸಿ ಅದರ ತಲೆಯ ಮೇಲೆ ಕೂರಿಸಿದೆ. ಎತ್ತರವಿದ್ದಷ್ಟೂ ದೂರ ಹೋಗುತ್ತದೆ ಎಂಬ ನಂಬಿಕೆ. ಫೋನಿನಲ್ಲಿ ಸಿಗ್ನಲ್ ಅಳೆಯುವ ಆ್ಯಪ್ ಹಾಕಿಕೊಂಡು ತೋಟಕ್ಕೆ ಇಳಿದು ನೋಡಿದರೆ ಬಸಿಗಾಲುವೆಯ ಹತ್ತಿರ ಮೈನಸ್ 82 ಡಿಬಿಎಂ ತೋರಿಸುತ್ತಿತ್ತು. ಡಿಬಿಎಂ ಎಂಬುದು ಸಿಗ್ನಲ್ಲಿನ ಬಲದ ಅಳತೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ. ಕರೆ ಕಡಿಯದೆ ಮಾತಾಡಲು ಮೈನಸ್ 67ರ ಆಸುಪಾಸು ಬೇಕು. ಮೈನಸ್ 80 ದಾಟಿದರೆ ಹೆಸರು ಕಾಣುತ್ತದೆಯೇ ಹೊರತು ಕೆಲಸ ಆಗುವುದಿಲ್ಲ.

ಹಾಗಾಗಲು ಎರಡು ಕಾರಣಗಳಿದ್ದವು. ಈ ಸಾಧನದ ಆಂಟೆನಾಗಳು ಸುತ್ತಲೂ ಹರಡುವ ಬಗೆಯವು, ಆದರೆ ಅವು ಹರಡುವ ಆಕಾರ ಚೆಂಡಿನದ್ದಲ್ಲ. ಕೋಲಿಗೆ ಸಿಕ್ಕಿಸಿದ ಉದ್ದಿನ ವಡೆಯದ್ದು. ಆಂಟೆನಾ ನೆಟ್ಟಗೆ ನಿಂತಿದ್ದರೆ ಶಕ್ತಿಯೆಲ್ಲ ಅಡ್ಡಲಾಗಿ ಹೋಗುತ್ತದೆ, ನೇರ ಕೆಳಗೆ ವಡೆಯ ತೂತು. ದಿಬ್ಬದ ಮೇಲಿನ ಮನೆಯ ಮಾಡಿನಿಂದ ಹೊರಟ ತರಂಗ ಕಣಿವೆಯ ತೋಟದ ಮೇಲಿಂದಲೇ ಹಾದು ಎದುರಿನ ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ತಲುಪುತ್ತಿತ್ತು. ಅಲ್ಲಿ ಕಾಡುಹಂದಿಗಳನ್ನು ಬಿಟ್ಟರೆ ಬಳಸುವವರಿಲ್ಲ. ಎರಡನೆಯದು ಮರಗಳದ್ದು. ಅಡಕೆ ಮರದ ಸೋಗೆಯೆಲ್ಲ ತುದಿಯಲ್ಲಿ, ಕೆಳಗೆ ಬರೀ ಕಾಂಡ. ಮೇಲಿನಿಂದ ಇಳಿಯುವ ತರಂಗ ತಲೆಯಿಂದ ತಲೆಗೆ ಹೆಣೆದುಕೊಂಡ ಹಸಿ ಸೋಗೆಗಳನ್ನು ಭೇದಿಸಿ ಬರಬೇಕು, ಮತ್ತು ಎಲೆಯಲ್ಲಿರುವ ನೀರು ಈ ಆವರ್ತನಗಳನ್ನು ಚೆನ್ನಾಗಿ ಹೀರುತ್ತದೆ. 5 ಗಿಗಾಹರ್ಟ್ಸನ್ನು ಇನ್ನೂ ಹೆಚ್ಚಾಗಿ. ಇದನ್ನು ತಿಳಿದ ಮೇಲೆ ಸಾಧನವನ್ನು ಮಾಡಿನಿಂದ ಇಳಿಸಿ, ತೋಟದ ಕಡೆಗೆ ಮುಖ ಮಾಡಿರುವ ಕೊಟ್ಟಿಗೆಯ ಮೂಲೆ ಕಂಬಕ್ಕೆ, ನೆಲದಿಂದ ಹತ್ತಡಿ ಎತ್ತರದಲ್ಲಿ, ತೋಟದ ಇಳಿಜಾರಿಗೆ ತಕ್ಕಂತೆ ತುಸು ಮುಂದಕ್ಕೆ ಬಾಗಿಸಿ ಕೂರಿಸಿದೆ. ಈಗ ತರಂಗ ಸೋಗೆಗಳ ಕೆಳಗೆ, ಕಾಂಡಗಳ ನಡುವಿನ ಖಾಲಿ ಜಾಗದಲ್ಲಿ ಸಾಗುತ್ತದೆ. ಅದೇ ಬಸಿಗಾಲುವೆಯ ಹತ್ತಿರ ಮೈನಸ್ 68 ಬಂತು. ಸಾಧನ ಅದೇ, ತಂತಿ ಅದೇ, ಎತ್ತರ ಮಾತ್ರ ಕಡಿಮೆ. ಕೊಟ್ಟಿಗೆಯ ಮಾಡು ಹಂಚಿನದು. ತಗಡಿನ ಶೀಟ್ ಇದ್ದವರು ಅದರ ಅಂಚಿನಿಂದ ಹೊರಗೆ ಕೂರಿಸಬೇಕು, ತಗಡಿನ ಹಿಂದೆ ಏನೂ ದಾಟುವುದಿಲ್ಲ.

ದೂರದ ಬಗ್ಗೆ ಇನ್ನೊಂದು ಮಾತು. ನಮ್ಮ ಕಡೆ ದೂರವನ್ನು ಕೂಗಳತೆಯಲ್ಲಿ ಹೇಳುವ ರೂಢಿಯಿದೆ, ಮತ್ತು ವೈಫೈಗೆ ಅದಕ್ಕಿಂತ ಒಳ್ಳೆಯ ಅಳತೆ ನನಗೆ ಕಂಡಿಲ್ಲ. ಕೂಗಳತೆಯಲ್ಲಿ ಕೂಗಿದವನ ಗಂಟಲಿಗಿಂತ ಓಗೊಟ್ಟವನ ಗಂಟಲು ಮುಖ್ಯ. ಇಲ್ಲಿ ಓಗೊಡುವುದು ಫೋನು, ಅದರ ಪ್ರಸಾರ ಶಕ್ತಿ ತೀರ ಕಡಿಮೆ. ಹೊರಾಂಗಣ ಸಾಧನಗಳ ಪೆಟ್ಟಿಗೆಯ ಮೇಲೆ ಬರೆದಿರುವ ನೂರಾರು ಮೀಟರುಗಳ ಅಂಕಿಗಳು ಎದುರುಬದುರು ಬಯಲು ನೋಟದಲ್ಲಿ ಸಿಗುವಂಥವು. ಸಾಧನದ ಶಕ್ತಿಯನ್ನು ಪೂರ್ತಿ ಏರಿಸಿದರೆ ಫೋನಿನಲ್ಲಿ ಗೆರೆಗಳು ತುಂಬಿ ಕಾಣುತ್ತವೆ, ಆದರೆ ಫೋನಿನ ಉತ್ತರ ಸಾಧನಕ್ಕೆ ಮುಟ್ಟುವುದಿಲ್ಲ, ಪುಟ ತೆರೆಯುವುದಿಲ್ಲ. ನಾನು ಶಕ್ತಿಯನ್ನು ಎರಡು ಹಂತ ಇಳಿಸಿದ್ದೇನೆ. ಅದರಿಂದ ಫೋನು ಸುಳ್ಳು ಭರವಸೆಯಲ್ಲಿ ದೂರದ ಸಾಧನಕ್ಕೆ ಅಂಟಿಕೊಂಡು ಕೂರುವುದು ತಪ್ಪಿದೆ.

ಮನೆಯೊಳಗೆ ಅದೇ ಸಾಲಿನ ಚಾವಣಿಗೆ ಕೂರಿಸುವ ಇಎಪಿ225 ಇದೆ. ನಡುಮನೆಯ ಮೇಲಿನ ಮೆತ್ತು ಮರದ ಹಲಗೆಯದಾದ್ದರಿಂದ ತಂತಿಯನ್ನು ಅಲ್ಲೇ ಎಳೆದೆ. ಚಿರೇಕಲ್ಲಿಗೆ ತೂತು ಕೊರೆಯುವ ಪ್ರಸಂಗ ಬರಲಿಲ್ಲ, ಹಲಗೆಯ ಮೂಲಕ ತರಂಗವೂ ಸಲೀಸಾಗಿ ಇಳಿಯುತ್ತದೆ. ಇದರ ಬಗ್ಗೆ ಹೇಳಲು ಬೇರೇನೂ ಇಲ್ಲ. ಕೂರಿಸಿದ ದಿನದಿಂದ ಅದನ್ನು ಮರೆತಿದ್ದೇವೆ.

ತಂತಿಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಕ್ಯಾಟ್6 ದರ್ಜೆಯ ಈಥರ್ನೆಟ್ ತಂತಿಗಳು ಅಲ್ಯೂಮಿನಿಯಮ್‌ಗೆ ತಾಮ್ರದ ಲೇಪ ಹಾಕಿದವು. ಅವುಗಳಲ್ಲಿ ದೂರಕ್ಕೆ ಕರೆಂಟು ಕಳಿಸಿದರೆ ವೋಲ್ಟೇಜು ಕುಸಿದು ಸಾಧನ ಪದೇ ಪದೇ ಆರಿ ಹೊತ್ತುತ್ತದೆ. ಶುದ್ಧ ತಾಮ್ರದ್ದೇ ಬೇಕು ಎಂದು ಕೇಳಿ, ತುದಿಯನ್ನು ಚಾಕುವಿನಿಂದ ಕೆರೆದು ಒಳಗೆ ಬಿಳಿ ಲೋಹ ಕಾಣುವುದಿಲ್ಲ ಎಂದು ನೋಡಿಕೊಂಡು ತರಬೇಕು. ಹೊರಗೆ ಎಳೆಯುವುದಕ್ಕೆ ಬಿಸಿಲು ತಡೆಯುವ ಕಪ್ಪು ಕವಚದ ತಂತಿ. ಸಾಧನಕ್ಕೆ ಸೇರುವ ಮೊದಲು ತಂತಿಯನ್ನು ಒಮ್ಮೆ ಕೆಳಗೆ ಜೋಲು ಬಿಟ್ಟು ಮೇಲೆ ತರಬೇಕು, ಆಗ ಮಳೆನೀರು ಆ ಜೋಲಿನ ತಳದಲ್ಲಿ ತೊಟ್ಟಿಕ್ಕುತ್ತದೆ, ಸಾಧನದ ಬಾಯಿಗೆ ಹರಿಯುವುದಿಲ್ಲ. ಪೆಟ್ಟಿಗೆಯಲ್ಲಿ ಬರುವ ಅಡಾಪ್ಟರ್ 24 ವೋಲ್ಟಿನ ಪ್ಯಾಸಿವ್ ಬಗೆಯದು, ಅಂದರೆ ಎದುರಿನ ಸಾಧನ ಯಾವುದು ಎಂದು ವಿಚಾರಿಸದೆ ಕರೆಂಟು ಸುರಿಯುವಂಥದ್ದು. ಅದರ ತಂತಿಯನ್ನು ಮರೆತು ಲ್ಯಾಪ್‌ಟಾಪಿಗೋ ಬೇರೆ ಕಂಪನಿಯ ಸಾಧನಕ್ಕೋ ಸಿಕ್ಕಿಸಬಾರದು. ಈ ಸಾಧನ 802.3ಎಎಫ್ ಪದ್ಧತಿಯನ್ನೂ ಒಪ್ಪುತ್ತದೆ. ಅದು ವಿಚಾರಿಸಿ ಕೊಡುವ ಬಗೆಯದು, ಮೂಲದಲ್ಲಿ 15.4 ವಾಟ್‌ವರೆಗೆ ಕೊಡಬಲ್ಲದು. ಎರಡು ಮೂರು ಸಾಧನ ಇರುವವರು ಅಂಥ ನೆಟ್‌ವರ್ಕ್ ಸ್ವಿಚ್ಚು, ಅಂದರೆ ಒಂದು ಈಥರ್ನೆಟ್ ತಂತಿಯನ್ನು ಹಲವು ಸಾಧನಗಳಿಗೆ ಹಂಚುವ ಡಬ್ಬಿ, ಒಂದನ್ನು ಕೊಳ್ಳುವುದು ಮೇಲು. ನಾನೂ ಹಾಗೇ ಮಾಡಿ ಅದನ್ನು ಜಗಲಿಯ ಇನ್ವರ್ಟರ್ ಸಾಲಿಗೆ ಸೇರಿಸಿದ್ದೇನೆ. ಕರೆಂಟು ಹೋದರೂ ಒಳಗಿನದೂ ಕೊಟ್ಟಿಗೆಯದೂ ನಿಲ್ಲುವುದಿಲ್ಲ.

ಮುಂದಿನ ವರ್ಷ ಪಂಪ್‌ಮನೆಗೂ ಇನ್ನೊಂದು ಇಎಪಿ225-ಔಟ್‌ಡೋರ್ ತಂದೆ. ಅದು ಮನೆಯಿಂದ ಸುಮಾರು 170 ಮೀಟರ್. ಈಥರ್ನೆಟ್ ತಂತಿಯ ಮಿತಿ 100 ಮೀಟರ್. ದೂರದ ತೊಡಕಿಗಿಂತ ಸಿಡಿಲಿನ ಭಯವೇ ನನಗೆ ಹೆಚ್ಚಾಗಿತ್ತು. ಏಪ್ರಿಲ್-ಮೇ ತಿಂಗಳ ಮತ್ತು ಮಳೆಗಾಲ ಮುಗಿಯುವ ಹೊತ್ತಿನ ಗುಡುಗುಮಳೆಯಲ್ಲಿ ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿ ಹಾಯ್ದಿದ್ದರೆ, ಹತ್ತಿರದಲ್ಲೆಲ್ಲೋ ಹೊಡೆದ ಸಿಡಿಲೂ ಅದರಲ್ಲಿ ವೋಲ್ಟೇಜು ಎಬ್ಬಿಸಿ ಎರಡೂ ತುದಿಯ ಸಾಧನಗಳನ್ನು ಸುಡಬಲ್ಲದು. ಆದ್ದರಿಂದ ಇಲ್ಲಿ ಫೈಬರ್ ಎಳೆದೆವು. ಇದು ದೊಡ್ಡ ಕೆಲಸವೆಂದು ಹೆದರಬೇಕಿಲ್ಲ: ಊರಿಗೆ ಫೈಬರ್ ಕೊಡುವ ಕೇಬಲ್‌ನವರೇ ಒಂಟಿ ಎಳೆಯ ಡ್ರಾಪ್ ಕೇಬಲ್ ತಂದು, ಎರಡೂ ತುದಿಗೆ ಸ್ಥಳದಲ್ಲೇ ಕನೆಕ್ಟರ್ ಹಾಕಿ ಅರ್ಧ ದಿನದಲ್ಲಿ ಮುಗಿಸಿದರು. ತುದಿಗಳಲ್ಲಿ ಫೈಬರಿನ ಬೆಳಕನ್ನು ಈಥರ್ನೆಟ್ ತಂತಿಗೆ ಹೊಂದಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಬೇಕು. ಒಂದು 1310 ನ್ಯಾನೊಮೀಟರ್ ತರಂಗದಲ್ಲಿ ಕಳಿಸಿ 1550ರಲ್ಲಿ ಪಡೆದರೆ ಇನ್ನೊಂದು ಅದಕ್ಕೆ ಸರಿಯಾಗಿ ತಿರುವುಮುರುವು. ಎರಡೂ ಒಂದೇ ಬಗೆಯವನ್ನು ತಂದರೆ ದೀಪ ಹೊತ್ತುವುದೇ ಇಲ್ಲ. ಅಂಗಡಿಯಲ್ಲೇ ಜೋಡಿ ನೋಡಿ ತರಬೇಕು. ಡ್ರಾಪ್ ಕೇಬಲ್ಲಿನ ಬದಿಗೆ ಭಾರ ಹೊರಲು ಉಕ್ಕಿನ ಎಳೆ ಇದ್ದರೆ ಅದನ್ನು ಪೆಟ್ಟಿಗೆಯ ಹೊರಗೇ ಕತ್ತರಿಸಿಬಿಡಬೇಕು, ಇಲ್ಲದಿದ್ದರೆ ತಾಮ್ರ ತಪ್ಪಿಸಿದ ಉದ್ದೇಶವೇ ಹಾಳಾಗುತ್ತದೆ.

ಪಂಪ್‌ಮನೆಯ ಕರೆಂಟು ಪಂಪಿನ ಪಾಳಿಯದ್ದು, ಇಡೀ ದಿನ ಇರುವುದಿಲ್ಲ. ಸೌರಫಲಕದ ಆಲೋಚನೆ ಬಂತು. ಸಾಧನಕ್ಕೆ ಹತ್ತು ಹನ್ನೊಂದು ವಾಟ್ ಎಂದರೆ ದಿನಕ್ಕೆ 250 ವಾಟ್-ತಾಸು. ಅಡಕೆಯ ನೆರಳಿನಲ್ಲಿ, ಜುಲೈ ತಿಂಗಳ ಶಿರಸಿಯಲ್ಲಿ, ಅಷ್ಟು ಬಿಸಿಲನ್ನು ಎಲ್ಲಿಂದ ತರುವುದು? ಕೊನೆಗೆ ಕಂಪ್ಯೂಟರಿಗೆ ಬಳಸುವ ಸಣ್ಣ ಯುಪಿಎಸ್ ಒಂದನ್ನು ಇಟ್ಟೆ. ಕರೆಂಟು ಹೋದ ಮೇಲೆ ಸುಮಾರು ಮೂರು ತಾಸು ನಡೆಯುತ್ತದೆ, ಆಳುಗಳು ತೋಟದಲ್ಲಿರುವ ಹೊತ್ತಿನ ಬಹುಪಾಲು ಅದರಲ್ಲಿ ಸಾಗುತ್ತದೆ.

ಸೆಟ್ಟಿಂಗುಗಳಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಅಗತ್ಯವಿಲ್ಲ. ಬ್ರೌಸರಿನಿಂದಲೇ ಪ್ರತಿ ಸಾಧನವನ್ನೂ ಬೇರೆಬೇರೆಯಾಗಿ ಹೊಂದಿಸಬಹುದು, ಇಲ್ಲವೇ ಒಮಾಡಾ ಕಂಟ್ರೋಲರ್ ಎಂಬ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಉಚಿತವಾಗಿ ಹಾಕಿಕೊಂಡು ಎಲ್ಲವನ್ನೂ ಒಂದೇ ಕಡೆಯಿಂದ ನಡೆಸಬಹುದು. ತಂತಿಯಿಲ್ಲದ ಮೆಶ್ ಬೇಕಾದವರಿಗೆ ಕಂಟ್ರೋಲರ್ ಕಡ್ಡಾಯ. ಮೂರೂ ಸಾಧನಗಳಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟಿದ್ದೇನೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು (ತರಂಗಪಟ್ಟಿಯ ಉಪಭಾಗಗಳು) 1, 6 ಮತ್ತು 11 ಮಾತ್ರ. ಮೂರಕ್ಕೆ ಮೂರನ್ನೂ ಹಂಚಿ, ಚಾನೆಲ್ಲಿನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಟ್ಟಿದ್ದೇನೆ. ಒಂದರಿಂದ ಇನ್ನೊಂದಕ್ಕೆ ದಾಟುವ ನಿರ್ಧಾರ ಫೋನಿನದ್ದೇ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ತೋಟಕ್ಕೆ ಇಳಿದರೂ ಜಗಲಿಯ ಸಂಪರ್ಕವನ್ನೇ ಹಿಡಿದು ಜೋತಾಡುವ ಹಟಮಾರಿ ಫೋನುಗಳಿಗೆ, ಇಂತಿಷ್ಟಕ್ಕಿಂತ ಕ್ಷೀಣವಾದ ಸಂಪರ್ಕವನ್ನು ಸಾಧನವೇ ಕಡಿಯುವ ಒಂದು ಮಿತಿಯಿದೆ; ಅದನ್ನು ಮೈನಸ್ 80ಕ್ಕೆ ಇಟ್ಟ ಮೇಲೆ ನನ್ನ ಹಳೆಯ ಫೋನೂ ದಾರಿಗೆ ಬಂತು.

ಎರಡು ಮಳೆಗಾಲ ಕಳೆದ ಮೇಲಿನ ವರದಿ ಹೀಗಿದೆ. ಸಾಧನದೊಳಗೆ ನೀರು ಹೋಗಿಲ್ಲ. ಧೋ ಎಂದು ಸುರಿಯುವಾಗ ತೋಟದ ಆಚೆ ಅಂಚಿನಲ್ಲಿ ಐದಾರು ಡಿಬಿ ಕಡಿಮೆಯಾಗುತ್ತದೆ, 5 ಗಿಗಾಹರ್ಟ್ಸ್ ಅಲ್ಲಿ ಕೈಬಿಡುತ್ತದೆ, 2.4 ಉಳಿಯುತ್ತದೆ, ಕರೆಗೆ ಅಷ್ಟು ಸಾಕು. ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆದಾಗ ಪಂಪ್‌ಮನೆಯ ಬಿಳಿ ಡಬ್ಬಿ ನೀಲಿಯಾಗಿದೆ, ಅದರ ಕೆಲಸಕ್ಕೆ ಅಡ್ಡಿಯಾಗಿಲ್ಲ. ತೊಂದರೆ ಬಂದದ್ದು ಮಂಗಗಳಿಂದ. ಕೊಟ್ಟಿಗೆಯ ಕಂಬದ ಬಳಿ ಜೋಲು ಬಿಟ್ಟ ತಂತಿ ಅವುಗಳ ಪಾಲಿಗೆ ಜೋಕಾಲಿಯಾಯಿತು. ಎರಡು ಬಾರಿ ಕಿತ್ತ ಮೇಲೆ ತಂತಿಯನ್ನು ಕಪ್ಪು ಎಚ್‌ಡಿಪಿಇ ಪೈಪಿನೊಳಗೆ ಸೇರಿಸಿ ಕಂಬಕ್ಕೆ ಬಿಗಿದೆ, ಕೆಳಮುಖದ ಬಾಯಿಯನ್ನು ಬಲೆಯಿಂದ ಮುಚ್ಚಿದೆ. ಮುಚ್ಚದೆ ಬಿಟ್ಟ ಪಂಪ್‌ಮನೆಯ ಪೈಪಿನಲ್ಲಿ ಇರುವೆ ಗೂಡು ಕಟ್ಟಿತ್ತು.

ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಬದಿಯಲ್ಲಿ ನನ್ನ ತಂಗಿಯ ಮನೆಯಿದೆ. ನಮ್ಮ ಮನೆಯದನ್ನು ನೋಡಿ ಅವಳೂ ಅಂಗಳಕ್ಕೆ ಇದೇ ಮಾದರಿಯನ್ನು ಹಾಕಿಸಿಕೊಂಡಳು. ಅಲ್ಲಿನ ಸಮಸ್ಯೆಗಳು ಬೇರೆ. ಮರವಿಲ್ಲ, ದಿಬ್ಬವಿಲ್ಲ, ಆದರೆ ಸುತ್ತಲಿನ ಮನೆಗಳ ಹದಿನೈದು ಇಪ್ಪತ್ತು ವೈಫೈಗಳು 2.4 ಗಿಗಾಹರ್ಟ್ಸ್‌ನಲ್ಲಿ ಸಂತೆ ನಡೆಸಿವೆ. ಹಾಗಾಗಿ ಅವಳ ಫೋನುಗಳನ್ನೆಲ್ಲ 5 ಗಿಗಾಹರ್ಟ್ಸ್‌ಗೇ ಸೇರಿಸಿದೆವು. ಆ ಪಟ್ಟಿಯಲ್ಲೂ 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೇಡಾರ್ ಸುಳಿವು ಸಿಕ್ಕಿದರೆ ಸಾಧನ ಜಾಗ ಖಾಲಿ ಮಾಡಬೇಕೆಂಬ ನಿಯಮವಿದೆ, ಆಗ ಸಂಪರ್ಕ ಒಂದು ಗಳಿಗೆ ಕಡಿಯುತ್ತದೆ. ನೌಕಾನೆಲೆ ಇರುವ ಊರಿನಲ್ಲಿ ಆ ಗೊಡವೆಯೇ ಬೇಡವೆಂದು 36ನೇ ಚಾನೆಲ್ಲಿಗೆ ನಿಲ್ಲಿಸಿದೆ. ಉಪ್ಪುಗಾಳಿ ಮಾತ್ರ ಯಾವ ಸೆಟ್ಟಿಂಗಿಗೂ ಬಗ್ಗುವುದಿಲ್ಲ. ಸಾಧನದ ಪ್ಲಾಸ್ಟಿಕ್ಕಿಗೆ ಏನೂ ಆಗಿಲ್ಲ, ಆದರೆ ನಾವು ಸ್ಥಳೀಯವಾಗಿ ತಂದು ಹಾಕಿದ ಸಾದಾ ಕಬ್ಬಿಣದ ಕ್ಲಾಂಪು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಗೋಡೆಯ ಮೇಲೆ ಕೆಂಪು ಗೆರೆ ಇಳಿಸಿತು. ಈಗ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಕ್ಲಾಂಪು ಹಾಕಿ, ಆಂಟೆನಾ ತಿರುಗಿಸುವ ಬುಡಕ್ಕೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪು ಸುತ್ತಿದ್ದೇವೆ. ಕರಾವಳಿಯವರು ಈ ಎರಡನ್ನು ಮೊದಲ ದಿನವೇ ಮಾಡಿದರೆ ಏಣಿ ಹತ್ತುವ ಕೆಲಸ ಒಮ್ಮೆಗೆ ಮುಗಿಯುತ್ತದೆ.

ಬೆಲೆಯ ವಿಚಾರ. ನಾನು ಕೊಂಡಾಗ ಒಂದಕ್ಕೆ ಏಳು ಸಾವಿರ ರೂಪಾಯಿಗಿಂತ ತುಸು ಕಡಿಮೆ ಬಿತ್ತು. ತಂತಿ, ಸ್ವಿಚ್ಚು, ಕನ್ವರ್ಟರ್‌ಗಳು, ಪೈಪು ಸೇರಿದರೆ ಸಾಧನಗಳ ಬೆಲೆಯಷ್ಟೇ ಮತ್ತೊಮ್ಮೆ ಹೋಗುತ್ತದೆ ಎಂದು ಲೆಕ್ಕ ಹಾಕಿಕೊಂಡೇ ಇಳಿಯಬೇಕು. ಒಂದು ಕಿಲೋಮೀಟರ್ ಆಚೆಯ ಇನ್ನೊಂದು ಮನೆಗೆ ಸಂಪರ್ಕ ದಾಟಿಸಬೇಕು ಎನ್ನುವವರಿಗೆ ಇದು ಸಲ್ಲದು. ಅದಕ್ಕೆ ಸಿಪಿಇ510ನಂಥ, 13 ಡಿಬಿಐ ಆಂಟೆನಾದ, ಒಂದೇ ದಿಕ್ಕಿಗೆ ನೋಡುವ ಸಾಧನಗಳ ಜೋಡಿ ಬೇಕು, ನಡುವೆ ಒಂದು ಮರದ ತಲೆಯೂ ಅಡ್ಡ ಇರಬಾರದು. ನಮ್ಮ ಸೊಪ್ಪಿನ ಬೆಟ್ಟಕ್ಕೂ ವೈಫೈ ಹಾಕುವುದಿಲ್ಲವೇ ಎಂದು ಅಡಕೆ ಕೊನೆ ಕೊಯ್ಯುವ ಕೊನೆಗೌಡ ಕಳೆದ ವಾರ ಕೇಳಿದ. ದರಕು (ಉದುರಿದ ಒಣ ಎಲೆ) ಗುಡಿಸುವವರಿಗೆ ಅಷ್ಟು ಹೊತ್ತು ಪುರುಸೊತ್ತಿದ್ದರೆ ನೋಡೋಣ ಎಂದಿದ್ದೇನೆ.